ಎಷ್ಟು ವಿಕಿರಣ, ಬಸಿರಿನ ಎಷ್ಟನೇ ವಾರ?

ಕೇರಳದ ಕೊಲ್ಲಂ ಜಿಲ್ಲೆಯ ಚವರ, ನೀಂಡಕರ ಕಡಲತೀರದಲ್ಲಿ ಮರಳು ಕಪ್ಪು. ಬಣ್ಣ ಇಲ್ಮೆನೈಟ್ ಎಂಬ ಖನಿಜದ್ದು, ವಿಕಿರಣ ಬರುವುದು ಅದರ ಜೊತೆ ಬೆರೆತ ಮೊನಜೈಟ್ ಎಂಬ ಇನ್ನೊಂದು ಖನಿಜದಲ್ಲಿರುವ, ತಾನಾಗಿಯೇ ವಿಕಿರಣ ಸೂಸುವ ಥೋರಿಯಂನಿಂದ. ಸಹಜ ಮೂಲಗಳಿಂದ ಒಬ್ಬರಿಗೆ ತಗಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣದ ಅಳತೆ). ಈ ತೀರದ ಕೆಲವು ಕಡೆ ಅದು ಹತ್ತು ಪಟ್ಟನ್ನೂ ಮೀರುತ್ತದೆ. ತಲೆಮಾರುಗಳಿಂದ ಅಲ್ಲೇ ಬಸಿರು, ಅಲ್ಲೇ ಬಾಣಂತನ.

1976ರಲ್ಲಿ ಒಂದು ತಂಡ ಅಲ್ಲಿ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇದ್ದು ಬುದ್ಧಿ ಬೆಳವಣಿಗೆ ನಿಧಾನವಾಗಿಸುವ ಸ್ಥಿತಿ) ಹೆಚ್ಚಿದೆ ಎಂದಿತು. ಹೋಲಿಕೆಗೆ ಆರಿಸಿದ ಜನರಲ್ಲಿ ಒಂದೂ ಪ್ರಕರಣ ಸಿಕ್ಕಿರಲಿಲ್ಲ. ಅನುಮಾನ ಶುರುವಾದದ್ದೇ ಅಲ್ಲಿಂದ, ಏಕೆಂದರೆ ಸಾವಿರಾರು ಜನರಲ್ಲಿ ಒಂದೆರಡಾದರೂ ಇರಲೇಬೇಕು. 1995ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸುತ್ತ ಬಂದರು. 2011ರ ಹೊತ್ತಿಗೆ ಲೆಕ್ಕ 1.4 ಲಕ್ಷ ದಾಟಿತ್ತು. ವಿಕಿರಣ ಹೆಚ್ಚಿದ ಕಡೆ ಹುಟ್ಟು ನ್ಯೂನತೆ ಹೆಚ್ಚಿದ್ದು ಕಾಣಲಿಲ್ಲ. ಅಪಾಯ ಸೊನ್ನೆ ಅಂತ ಇದರರ್ಥವಲ್ಲ; ಇಷ್ಟು ದೊಡ್ಡ ಲೆಕ್ಕದಲ್ಲೂ ಎದ್ದು ಕಾಣುವಷ್ಟು ಇಲ್ಲ, ಅಷ್ಟೇ.

ಭ್ರೂಣಕ್ಕೆ ನಿಜವಾಗಿ ಹಾನಿ ಮಾಡುವ ವಿಕಿರಣ ನಮಗೆ ಹೆಚ್ಚಾಗಿ ಗೊತ್ತಾದದ್ದು ಹಿರೋಷಿಮಾ, ನಾಗಾಸಾಕಿಗಳಿಂದ. 8ರಿಂದ 15ನೇ ವಾರದ ಗರ್ಭದಲ್ಲಿದ್ದು ಒಮ್ಮೆಲೇ ಭಾರಿ ಪ್ರಮಾಣ ತಗಲಿದ ಮಕ್ಕಳಲ್ಲಿ ತಲೆ ಚಿಕ್ಕದಾಗಿ, ಬುದ್ಧಿ ಬೆಳವಣಿಗೆ ಕುಂಠಿತವಾಯಿತು. ನೂರು ಮಿಲಿಗ್ರೇಗಿಂತ (ಎಕ್ಸ್‌ರೇಯಂಥ ವಿಕಿರಣದಲ್ಲಿ ಒಂದು ಮಿಲಿಗ್ರೇ ಅಂದರೆ ಹೆಚ್ಚುಕಡಿಮೆ ಒಂದು ಮಿಲಿಸೀವರ್ಟ್) ಕೆಳಗೆ ಇಂಥದ್ದು ಕಂಡಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಗರ್ಭಕ್ಕೆ ತಲುಪುವುದು 0.01 ಮಿಲಿಗ್ರೇಗೂ ಕಡಿಮೆ. ಆದರೂ "ಗೊತ್ತಿಲ್ದೆ ಎಕ್ಸ್‌ರೇ ಆಗೋಯ್ತು ಡಾಕ್ಟ್ರೇ, ತೆಗೆಸಿಬಿಡೋಣ" ಅಂತ ಬಸುರಿಯರು ಅತ್ತೆಯನ್ನು ಕರೆದುಕೊಂಡೇ ನನ್ನ ಹತ್ತಿರ ಬರುತ್ತಾರೆ.

1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರದ ದುರಂತ ಆದ ಮೇಲೆ ಗ್ರೀಸಿನಲ್ಲಿ ನಡೆದದ್ದೂ ಇದೇ. ಅಲ್ಲಿ ಜನರಿಗೆ ತಗಲಿದ್ದು ಬಹಳ ಕಡಿಮೆ, ಹೆದರಿಕೆ ಮಾತ್ರ ಬೆಟ್ಟದಷ್ಟು. ಬೇಕೆಂದೇ ಬಸಿರಾದ ಸುಮಾರು 2,500 ಹೆಂಗಸರು ಗರ್ಭ ತೆಗೆಸಿಕೊಂಡರೆಂದು ಅಂದಾಜು. 1987ರ ಜನವರಿಯಲ್ಲಿ ಹೆರಿಗೆಗಳ ಸಂಖ್ಯೆ ದಿಢೀರ್ ಇಳಿಯಿತು. ಚೆರ್ನೋಬಿಲ್ ಸುತ್ತಲಿನ ಮಕ್ಕಳ ಥೈರಾಯ್ಡ್ ಕ್ಯಾನ್ಸರ್ ನಿಜ. ಅದು ಹಾಲಿನಲ್ಲಿ ಬಂದ ವಿಕಿರಣಯುಕ್ತ ಅಯೋಡಿನ್ನಿನಿಂದ. ಅದನ್ನು ಯಾರೂ ಹಗುರ ಮಾಡಬಾರದು.

ಉತ್ತರ ಕನ್ನಡದ ಕೈಗಾ ಅಣುಸ್ಥಾವರದ ಕಡೆಯವರ ಭಯಕ್ಕೆ ಬೈದು ಕಳಿಸುವುದು ನನಗೆ ಸರಿ ಅನ್ನಿಸುವುದಿಲ್ಲ. ಸಾರ್ವಜನಿಕರಿಗೆ ಸ್ಥಾವರದಿಂದ ವರ್ಷಕ್ಕೆ 1 ಮಿಲಿಸೀವರ್ಟ್ ಮೀರಬಾರದು ಅನ್ನುವುದು ನಿಯಮ. ಅಳೆದ ಅಂಕಿ ಪಂಚಾಯ್ತಿ ಕಟ್ಟೆಯ ಬೋರ್ಡಿನ ಮೇಲೆ ಕನ್ನಡದಲ್ಲಿ ಇದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಎಲ್ಲೇ ಆದರೂ ನೂರು ಹೆರಿಗೆಗಳಲ್ಲಿ ಎರಡು ಮೂರು ಮಕ್ಕಳಿಗೆ ಏನಾದರೊಂದು ನ್ಯೂನತೆ ಇರುತ್ತದೆ. ಸಣ್ಣ ಊರಲ್ಲಿ ಒಂದೇ ವರ್ಷ ಮೂವರು ಹುಟ್ಟಿದರೆ ಕಣ್ಣು ಸ್ಥಾವರದ ಕಡೆ ಹೋಗುವುದು ಸಹಜ.

ನ್ಯೂನತೆಯ ಭಯ ಹೊತ್ತು ಬಂದವರ ತಾಯಿ ಕಾರ್ಡ್ ತಿರುವಿ ನಾನು ಕೇಳುವುದು ಬೇರೆ: ಸೋದರಮಾವನನ್ನೇ ಮದುವೆಯಾಗಿದ್ದಾ, ಫೋಲಿಕ್ ಆಸಿಡ್ ಯಾವಾಗಿಂದ ತಗೊಳ್ತಿದ್ದೀಯಮ್ಮಾ, ಶುಗರ್ ನೋಡಿಸಿದ್ದೀಯಾ.