ಬೆಳಕಿನಲ್ಲಿ ವಿಷವಾಗುವ ಹಸಿರು

ಹಸಿರೆಲೆ ಮೇಯುವ ದನದ ಹೊಟ್ಟೆಯೊಳಗೆ ಕತ್ತಲೆ. ಪಾಚಿಯನ್ನು ನುಂಗುವ ಅಮೀಬಾದ ಒಳಗೆ ಹಾಗಲ್ಲ, ಅದರ ಮೈ ಗಾಜಿನಷ್ಟು ಪಾರದರ್ಶಕ. ನುಂಗಿದ ತುತ್ತು ಜೀರ್ಣವಾಗುತ್ತಿರುವಾಗಲೂ ಅದರ ಮೇಲೆ ಬಿಸಿಲು ಬೀಳುತ್ತಲೇ ಇರುತ್ತದೆ. ಅಪಾಯ ಇರುವುದು ಅಲ್ಲೇ.

ಜೀವಂತ ಪಾಚಿಯಲ್ಲಿ ಪತ್ರಹರಿತ್ತು ಹೀರಿದ ಶಕ್ತಿಯನ್ನು ಸುತ್ತಲಿನ ಪ್ರೋಟೀನುಗಳು ಕೂಡಲೇ ದ್ಯುತಿಸಂಶ್ಲೇಷಣೆಗೆ ಸಾಗಿಸುತ್ತವೆ. ಜೀರ್ಣಕ್ರಿಯೆ ಆ ವ್ಯವಸ್ಥೆಯನ್ನು ಒಡೆದುಹಾಕುತ್ತದೆ. ಒಂಟಿಯಾದ ಪತ್ರಹರಿತ್ತು ಬೆಳಕು ಹೀರುವುದನ್ನು ಮಾತ್ರ ಬಿಡುವುದಿಲ್ಲ. ಆ ಶಕ್ತಿಯ ಸ್ವಲ್ಪ ಭಾಗ ಕೆಂಪು ಹೊಳಪಾಗಿ ಹೊರಬರುತ್ತದೆ. ಇನ್ನಷ್ಟು ಪಕ್ಕದ ಆಮ್ಲಜನಕಕ್ಕೆ ದಾಟಿ ಅದನ್ನು ಸಿಂಗ್ಲೆಟ್ ಆಕ್ಸಿಜನ್ ಎಂಬ ಉಗ್ರ ರೂಪಕ್ಕೆ ತಿರುಗಿಸುತ್ತದೆ. ಕೊಬ್ಬು, ಪ್ರೋಟೀನು, ಡಿಎನ್ಎ ಯಾವುದನ್ನೂ ಅದು ಬಿಡದೆ ಸುಡುತ್ತದೆ. ತಿಂದವನನ್ನೇ ಒಳಗಿನಿಂದ ಕೊಲ್ಲಬಲ್ಲ ಊಟವಿದು.

ಇದಕ್ಕೆ ಈ ಜೀವಿಗಳು ಕಂಡುಕೊಂಡ ಉಪಾಯ ನನಗೆ ಬಹಳ ಸೊಗಸಾಗಿ ಕಾಣುತ್ತದೆ. ಪತ್ರಹರಿತ್ತಿನ ನಡುವಿನ ಮೆಗ್ನೀಸಿಯಂ ಹೋಗುತ್ತದೆ, ಫೈಟಾಲ್ ಎಂಬ ಉದ್ದನೆಯ ಬಾಲವೂ ಕಳಚುತ್ತದೆ. ಆಮೇಲೆ ಅಣುವಿನದೇ ಎರಡು ಭಾಗಗಳು ಪರಸ್ಪರ ಬೆಸೆದು ಹೊಸದೊಂದು ಬಳೆ ಮೂಡುತ್ತದೆ. ಹೀಗೆ ಹುಟ್ಟಿದ ಸೈಕ್ಲೋಫಿಯೋಫಾರ್ಬೈಡ್ ಇನಾಲ್ ಬೆಳಕನ್ನು ಹೀರಿದರೂ ಹೊಳೆಯುವುದಿಲ್ಲ, ಸಿಂಗ್ಲೆಟ್ ಆಕ್ಸಿಜನ್ನನ್ನೂ ಹುಟ್ಟಿಸುವುದಿಲ್ಲ. ಶಕ್ತಿಯೆಲ್ಲ ಬರೀ ಶಾಖವಾಗಿ ಕರಗಿಹೋಗುತ್ತದೆ. ಹಣ್ಣಾಗುವ ಎಲೆ ಪತ್ರಹರಿತ್ತಿನ ದೊಡ್ಡ ಉಂಗುರವನ್ನೇ ಕತ್ತರಿಸಿ ತೆರೆಯುತ್ತದೆ. ಇವು ಆ ಉಂಗುರವನ್ನು ಮುಟ್ಟದೆ ಇನ್ನೊಂದು ಗಂಟು ಹಾಕಿ ಪಳಗಿಸುತ್ತವೆ.

ಈ ವಸ್ತು ರಸಾಯನಶಾಸ್ತ್ರಜ್ಞರಿಗೆ ಹೊಸತಾಗಿರಲಿಲ್ಲ. 1986ರಲ್ಲೇ ಅದನ್ನು ಸಮುದ್ರದ ಸ್ಪಂಜಿನಿಂದ ಬೇರ್ಪಡಿಸಿದ್ದರು, ಬಳಿಕ ನೀರಿನ ತಳದ ಕೆಸರಿನಲ್ಲೂ ಸಿಕ್ಕಿತು. ಪಾಚಿ ತಿನ್ನುವ ಏಕಕೋಶ ಜೀವಿಗಳಿಗೂ ಅದಕ್ಕೂ ಇರುವ ನಂಟು 2012ರಲ್ಲಿ ಜಪಾನಿನ ಸಂಶೋಧಕರ ಕೆಲಸದಿಂದ ಸ್ಪಷ್ಟವಾಯಿತು. ವಂಶವೃಕ್ಷದಲ್ಲಿ ಪರಸ್ಪರ ಬಹಳ ದೂರದ ಗುಂಪುಗಳಲ್ಲೂ ಇದೇ ಉಪಾಯ ಕಾಣಿಸಿತು.

ಎಲ್ಲವೂ ರಸಾಯನದಿಂದಲೇ ಬಗೆಹರಿಯುವುದಿಲ್ಲ, ನಡವಳಿಕೆಯೂ ಜೊತೆಗೂಡುತ್ತದೆ. ಕೆಲವು ಅಮೀಬಾಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬೆಳಕು ಬಿದ್ದ ಕೂಡಲೇ ಅವು ಹೊಸ ಹಸಿರು ಬೇಟೆಯನ್ನು ನುಂಗುವುದನ್ನು ಕಡಿಮೆ ಮಾಡಿ, ಆಗಲೇ ಒಳಗಿದ್ದುದನ್ನು ಬೇಗಬೇಗ ಅರಗಿಸತೊಡಗಿದವು.