ಓಕೆ ಎಲ್ಲಿಂದ ಬಂತು?

ಓಕೆ ಎಲ್ಲಿಂದ ಬಂತು ಅಂತ ಕೇಳಿ ನೋಡಿ, ಹತ್ತು ಜನ ಹತ್ತು ಕತೆ ಹೇಳುತ್ತಾರೆ. ಗ್ರೀಕರ ‘ಓಲಾ ಕಲಾ’ದಿಂದ ಬಂತು, ಹಾಗಂದರೆ ಎಲ್ಲ ಚೆನ್ನಾಗಿದೆ ಅಂತ ಒಬ್ಬರು. ಸ್ಕಾಟ್ಲೆಂಡಿನವರ ಮಾತು ಅಂತ ಇನ್ನೊಬ್ಬರು. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರದ್ದು ಅಂತ ಮತ್ತೊಬ್ಬರು. ಕತೆಗಳೆಲ್ಲ ಚೆನ್ನಾಗಿಯೇ ಇವೆ. ದಾಖಲೆ ಮಾತ್ರ ನಮ್ಮನ್ನು ಬಾಸ್ಟನ್ನಿಗೆ ಕರೆದುಕೊಂಡು ಹೋಗುತ್ತದೆ.

1838ರ ಬೇಸಿಗೆಯಲ್ಲಿ ಅಲ್ಲಿನ ಪತ್ರಿಕೆಗಳಿಗೆ ಒಂದು ಗೀಳು ಹಿಡಿದಿತ್ತು. ಮಾತನ್ನು ಮೊಟಕುಗೊಳಿಸಿ ಬರೀ ಮೊದಲ ಅಕ್ಷರ ಹಾಕುವುದು. ಅದೂ ಸಾಲದು ಅಂತ ಬೇಕೆಂದೇ ಸ್ಪೆಲಿಂಗ್ ಕೆಡಿಸುವುದು. ‘ನೋ ಗೋ’ ಅಂದರೆ ಆಗದ ಕೆಲಸ. ಅದನ್ನು ‘know go’ ಅಂತ ಕೆಡಿಸಿ ಕೆ.ಜಿ. ಅಂತ ಬರೆಯುತ್ತಿದ್ದರು. ‘ಆಲ್ ರೈಟ್’ ಹೋಗಿ ‘oll wright’, ಅಂದರೆ ಓ.ಡಬ್ಲ್ಯು. ಆಗಿತ್ತು. ಓದುಗರಿಗೂ ಇದು ಇಷ್ಟವಾಗಿತ್ತು.

1839ರ ಮಾರ್ಚ್ 23ರಂದು ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನ ಎರಡನೇ ಪುಟದಲ್ಲಿ ಒಂದು ಚಿಕ್ಕ ಬರಹ ಬಂತು. ಗಂಟೆ ಬಾರಿಸುವುದನ್ನು ವಿರೋಧಿಸುವ ಹೆಸರಿನ ಒಂದು ಸಂಘದವರ ಪ್ರವಾಸ ಅದರ ವಿಷಯ. ಪ್ರಾವಿಡೆನ್ಸ್ ಊರಿನ ಪತ್ರಿಕೆಯನ್ನು ರೇಗಿಸುತ್ತಾ ಬರೆದ ಉದ್ದನೆಯ ವಾಕ್ಯದ ನಡುವೆ ‘ಓ.ಕೆ.’ ಇದೆ, ಪಕ್ಕದಲ್ಲೇ ‘ಆಲ್ ಕರೆಕ್ಟ್’ ಅಂತ ಅರ್ಥವೂ ಇದೆ. ಸರಿಯಾಗಿ ಬರೆದರೆ ಅದು ಎ.ಸಿ. ಆಗಬೇಕು. ಎಲ್ಲ ಸರಿ ಅನ್ನುವ ಮಾತಿನಲ್ಲಿ ಎರಡು ಅಕ್ಷರವೂ ತಪ್ಪು, ತಮಾಷೆ ಇರುವುದೇ ಅಲ್ಲಿ. ಅರ್ಥ ಬಿಡಿಸಿ ಹೇಳಿದ್ದನ್ನು ನೋಡಿದರೆ ಓದುಗರಿಗೆ ಇದು ಹೊಸದು ಅಂತ ಬರೆದವರಿಗೆ ಅನ್ನಿಸಿರಬೇಕು.

ಆ ಕಾಲದ ಇಂಥ ಅಕ್ಷರಗಳು ಹೆಚ್ಚುಕಡಿಮೆ ಎಲ್ಲ ಮರೆತುಹೋದವು. ಇದೊಂದು ಉಳಿದದ್ದಕ್ಕೆ 1840ರ ಅಧ್ಯಕ್ಷೀಯ ಚುನಾವಣೆ ದೊಡ್ಡ ಕಾರಣ. ಮತ್ತೆ ಗೆಲ್ಲಲು ಹೊರಟಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಅದಕ್ಕೇ ಬೆಂಬಲಿಗರು ಅವರನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದರು, ನ್ಯೂಯಾರ್ಕಿನಲ್ಲಿ ಓ.ಕೆ. ಕ್ಲಬ್ ಕಟ್ಟಿದರು. ಎದುರಾಳಿಗಳು ಸುಮ್ನೆ ಕೂರಲಿಲ್ಲ. ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ನೆಟ್ಟಗೆ ಸ್ಪೆಲಿಂಗ್ ಬರುತ್ತಿರಲಿಲ್ಲ, ಕಾಗದಪತ್ರಗಳ ಮೇಲೆ ಓ.ಕೆ. ಅಂತ ಗೀಚುತ್ತಿದ್ದರು ಅಂತ ಹಬ್ಬಿಸಿದರು. ವ್ಯಾನ್ ಬ್ಯೂರೆನ್ ಸೋತರು. ಅಷ್ಟರಲ್ಲಿ ಈ ಎರಡು ಅಕ್ಷರ ಊರೂರು ತಲುಪಿತ್ತು.

ಗೇಲಿಗೆ ಹುಟ್ಟಿದ ಜಾಕ್ಸನ್ ಕತೆಯನ್ನು ಮುಂದಿನವರು ನಿಜವೆಂದೇ ನಂಬಿದರು. 1790ರ ಟೆನೆಸ್ಸಿ ಕೋರ್ಟ್ ದಾಖಲೆಯೊಂದರಲ್ಲಿ, ಜಾಕ್ಸನ್ ಹೆಸರಿದ್ದ ಕಡೆ, ಓ.ಕೆ. ಸಿಕ್ಕಿತು ಅಂತ ಸುದ್ದಿಯೂ ಆಯಿತು. ಸರಿಯಾಗಿ ನೋಡಿದರೆ ಅದು ಓ.ಆರ್., ಅಂದರೆ ದಾಖಲಿಸಲು ಆದೇಶವಾಗಿದೆ ಅಂತ. ಕೈಬರಹದ ಒಂದು ಅಕ್ಷರ ಎಷ್ಟು ದೂರ ಓಡಿಸಿತು ನೋಡಿ.

ಆಮೇಲಿನದು ಬೇಗ ಹೇಳಬಹುದು. ತಂತಿ ಮತ್ತು ರೈಲು ಇಲಾಖೆಯವರು ಸಂದೇಶ ತಲುಪಿತು ಅನ್ನಲು ಇದನ್ನೇ ಬಳಸಿದರು, 1961ರಲ್ಲಿ ಬಾಹ್ಯಾಕಾಶ ಯಾನದ ಸುದ್ದಿಯೊಂದಿಗೆ ‘ಎ-ಓಕೆ’, ಅಂದರೆ ಎಲ್ಲ ಪಕ್ಕಾ ಸರಿ ಅನ್ನುವ ಮಾತು, ಮನೆಮಾತಾಯಿತು. ಈ ದಾರಿಯಲ್ಲಿ ಅರ್ಥವೂ ಸವೆಯಿತು. ಮೊದಲು ಎಲ್ಲ ಸರಿ ಅಂತಿತ್ತು. ಈಗ ಯಾವುದನ್ನಾದರೂ ‘ಓಕೆ’ ಅಂದರೆ ಅಷ್ಟೇನೂ ಚೆನ್ನಾಗಿಲ್ಲ ಅಂತಲೂ ಆಗುತ್ತದೆ, ಅಲ್ವಾ? ಮೆಸೇಜಿನಲ್ಲಿ ಬರೀ ‘ಕೆ’ ಬಂದರಂತೂ ಕೋಪ ಬಂದಿದೆಯೇನೋ ಅನ್ನಿಸುತ್ತದೆ.

ಬಾಸ್ಟನ್ ಕತೆಗೆ ಗಟ್ಟಿ ನೆಲ ಸಿಕ್ಕಿದ್ದು 1963 ಮತ್ತು 1964ರಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಭಾಷಾ ವಿದ್ವಾಂಸ ಅಲನ್ ವಾಕರ್ ರೀಡ್ ಹಳೆಯ ಪತ್ರಿಕೆಗಳನ್ನು ಜಾಲಾಡಿ ‘ಅಮೆರಿಕನ್ ಸ್ಪೀಚ್’ ಅನ್ನುವ ಭಾಷಾ ಅಧ್ಯಯನದ ನಿಯತಕಾಲಿಕದಲ್ಲಿ ಸಾಲು ಲೇಖನ ಬರೆದರು. ಒಂದೊಂದು ಬಳಕೆಗೂ ತಾರೀಕು ಕೊಟ್ಟರು. ನನಗೆ ಈ ದುಡಿಮೆಯ ಮೇಲೆ ತುಂಬಾ ಗೌರವ.

ಹಾಗಂತ ಉಳಿದ ವಾದಗಳನ್ನು ತಳ್ಳಿಹಾಕಿ ನಕ್ಕುಬಿಡುವುದು ಸರಿಯಲ್ಲ. ‘ಅದು ಹೌದು’ ಅನ್ನುವ ಅರ್ಥದ ‘okeh’ ಎಂಬ ಚಾಕ್ಟಾ ಮಾತಿನಿಂದ ಇದು ಬಂತು ಅಂತ ನಂಬಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ ಕಾಗದಗಳ ಮೇಲೆ ಅದೇ ಸ್ಪೆಲಿಂಗ್ ಬಳಸುತ್ತಿದ್ದರು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ನುಡಿಗಳಲ್ಲೂ ಹೋಲುವ ಮಾತುಗಳಿವೆ ಅಂತ ಕೆಲವು ವಿದ್ವಾಂಸರು ತೋರಿಸಿದ್ದಾರೆ. ಚಾಕ್ಟಾ ಜನ, ಗುಲಾಮರು ಆಡಿದ್ದನ್ನು ಆಗಿನ ಪತ್ರಿಕೆಗಳು ಅಚ್ಚು ಹಾಕಿದ್ದು ತೀರಾ ಕಡಿಮೆ. ಅಚ್ಚಾದದ್ದನ್ನೇ ಹುಡುಕಿದರೆ ಅಚ್ಚಿನ ಮನೆಯವರ ಮಾತೇ ಜಾಸ್ತಿ ಸಿಗುತ್ತದೆ. ಆದರೂ ಕೈಯಲ್ಲಿರುವ ಪುರಾವೆ ಬಿಟ್ಟು ಇಷ್ಟದ ಕತೆ ಹಿಡಿಯಲಾಗದು. ದೊಡ್ಡ ಇಂಗ್ಲಿಷ್ ನಿಘಂಟುಗಳು ಈಗ ಒಪ್ಪುವುದು ಬಾಸ್ಟನ್ ಪತ್ರಿಕೆಯ ಆ ಚಿಕ್ಕ ಬರಹವನ್ನೇ.