ಫೇಜ್ ಚಿಕಿತ್ಸೆ: ಪ್ಲಾಕ್ ಲೆಕ್ಕದಲ್ಲಿ ತಪ್ಪಿಹೋಗುವ ಆ ಒಂದು ಸೊನ್ನೆ

ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಫೇಜ್ ಎಂಬ ವೈರಸ್‌ನಿಂದ ಕೊಲ್ಲಿಸುವುದೇ ಫೇಜ್ ಚಿಕಿತ್ಸೆ. ಫೇಜ್ ಕಂಡುಹಿಡಿದವರು 1915ರಲ್ಲಿ ಟ್ವಾರ್ಟ್, 1917ರಲ್ಲಿ ಡೆರೆಲ್. ಇತಿಹಾಸ ಇಷ್ಟು ನೆನಪಿದ್ದರೆ ಸಾಕು.

ನಾವು ಮಂಗಳೂರಿನವರು ಉದಾಹರಣೆಗೆ ದೂರ ಹೋಗಬೇಕಿಲ್ಲ. ಇಲ್ಲಿನ ಮೀನುಗಾರಿಕೆ ಕಾಲೇಜಿನ ಕರುಣಾಸಾಗರ್ ಅವರ ತಂಡ ಎಟ್ಟಿ, ಅಂದರೆ ಸಿಗಡಿ ಮರಿಗಳನ್ನು ಕೊಲ್ಲುವ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾದ ಮೇಲೆ ಫೇಜ್ ಬಿಟ್ಟು ನೋಡಿತ್ತು. 2007ರಲ್ಲಿ ಪ್ರಕಟವಾದ ಕೆಲಸ. ಆಂಟಿಬಯೋಟಿಕ್ ಹಾಕಿದ ತೊಟ್ಟಿಗಿಂತ ಫೇಜ್ ಹಾಕಿದ ತೊಟ್ಟಿಯಲ್ಲಿ ಜಾಸ್ತಿ ಮರಿಗಳು ಬದುಕಿದವು. ನನಗಂತೂ ಇದು ಹೆಮ್ಮೆಯ ವಿಷಯ.

ಚಿಕಿತ್ಸೆಗೆ ಬೇಕಾದ್ದು ಲೈಟಿಕ್ ಫೇಜ್. ಅದು ಬ್ಯಾಕ್ಟೀರಿಯಾದೊಳಗೆ ಮರಿ ಮಾಡಿ, ಗೋಡೆ ಒಡೆದು ಹೊರಬರುತ್ತದೆ. ಟೆಂಪರೇಟ್ ಫೇಜ್ ಬೇಡ. ಅದು ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೆ ಸೇರಿಕೊಂಡು ಸುಮ್ನೆ ಕೂತುಬಿಡಬಹುದು. ಕಾಲರಾ ಬ್ಯಾಕ್ಟೀರಿಯಾಕ್ಕೆ ವಿಷದ ಜೀನ್ ಸಿಕ್ಕಿದ್ದೇ ಅಂಥ ಒಂದು ಫೇಜ್‌ನಿಂದ.

ಈಗ ಎಣಿಕೆ, ಅಂದರೆ ದ್ರಾವಣದಲ್ಲಿ ಎಷ್ಟು ಫೇಜ್ ಇವೆ ಅನ್ನುವ ಲೆಕ್ಕ. ಫೇಜ್, ಬ್ಯಾಕ್ಟೀರಿಯಾ ಎರಡನ್ನೂ ಮೆತ್ತನೆ ಅಗಾರ್‌ನಲ್ಲಿ (ಜೆಲ್ಲಿಯಂಥ ವಸ್ತು) ಕಲಸಿ ತಟ್ಟೆಗೆ ಸುರಿಯುತ್ತೇವೆ. ಮರುದಿನ ಬ್ಯಾಕ್ಟೀರಿಯಾ ಮಬ್ಬು ಪದರವಾಗಿ ಬೆಳೆದಿರುತ್ತದೆ. ಫೇಜ್ ಕೊಂದ ಕಡೆ ಮಾತ್ರ ತಿಳಿಯಾದ ಚುಕ್ಕಿ. ಅದೇ ಪ್ಲಾಕ್. ಒಂದು ಪ್ಲಾಕ್ ಶುರುವಾಗಿದ್ದು ಒಂದು ಫೇಜ್‌ನಿಂದ ಅಂತ ಲೆಕ್ಕ.

1 ಮಿ.ಲೀ. ಫೇಜ್ ದ್ರಾವಣವನ್ನು 9 ಮಿ.ಲೀ. ಬಫರ್‌ಗೆ (ಫೇಜ್ ಇಲ್ಲದ, ತೆಳು ಮಾಡುವ ದ್ರವ) ಹಾಕಿದರೆ 10 ಪಟ್ಟು ತೆಳು. ಹೀಗೆ 6 ಟ್ಯೂಬ್ ದಾಟಿಸಿ, ಕೊನೆಯದರಿಂದ 0.1 ಮಿ.ಲೀ. ತಟ್ಟೆಗೆ ಹಾಕಿದೆವು ಅಂದುಕೊಳ್ಳಿ. 48 ಪ್ಲಾಕ್ ಬಂದವು. 48ರ ಮುಂದೆ ಆರು ಸೊನ್ನೆ ಹಾಕಿ ಪೆನ್ನು ಕೆಳಗಿಡಬೇಡಿ! ಆ 48 ಬಂದದ್ದು 1 ಮಿ.ಲೀ.ನಿಂದ ಅಲ್ಲ, ಅದರ ಹತ್ತನೇ ಒಂದು ಪಾಲಿನಿಂದ. ಪೂರ್ತಿ 1 ಮಿ.ಲೀ. ಹಾಕಿದ್ದರೆ 480 ಬರುತ್ತಿತ್ತು, ಅಲ್ವಾ? ಆ 480ನ್ನು 10 ಲಕ್ಷದಿಂದ ಗುಣಿಸಿ. ಮೂಲ ದ್ರಾವಣದ ಪ್ರತಿ ಮಿ.ಲೀ.ಗೆ 48 ಕೋಟಿ ಪಿಎಫ್‌ಯು, ಅಂದರೆ ಪ್ಲಾಕ್ ಮಾಡಬಲ್ಲ ಫೇಜ್.

ಹಾಗಾದರೆ ಜೊತೆಗೆ ಕಲಸಿದ 3 ಮಿ.ಲೀ. ಅಗಾರ್? ಅದು ಲೆಕ್ಕಕ್ಕೇ ಇಲ್ಲ. ಅದು ಫೇಜ್‌ಗಳನ್ನು ಹರಡುತ್ತದೆ ಅಷ್ಟೇ, ಅವುಗಳ ಸಂಖ್ಯೆ ಕಡಿಮೆ ಮಾಡುವುದಿಲ್ಲ. ತಟ್ಟೆಗೆ ಹೋದ ಫೇಜ್ ದ್ರಾವಣ ಎಷ್ಟು ಅನ್ನುವುದೊಂದೇ ಪ್ರಶ್ನೆ.

ನನ್ನ ಸೂತ್ರ: ಟ್ಯೂಬಿಗೊಂದು ಸೊನ್ನೆ, ತಟ್ಟೆಗೊಂದು ಸೊನ್ನೆ. 0.1 ಮಿ.ಲೀ. ಹಾಕಿದಾಗ ಮಾತ್ರ ಇದು ಸರಿ. 0.2 ಹಾಕಿದ್ದರೆ ತಟ್ಟೆಯ ಸೊನ್ನೆ ಬಿಟ್ಟು 5ರಿಂದ ಗುಣಿಸಿ.

ಇನ್ನು ತಳಿಯ ವಿಷಯ. ಒಂದು ಫೇಜ್ ಸಾಮಾನ್ಯವಾಗಿ ಒಂದೇ ಜಾತಿಯ ಕೆಲವು ತಳಿಗಳನ್ನಷ್ಟೇ ಹಿಡಿಯುತ್ತದೆ. ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಉಳಿಯುವುದು ಇದರಿಂದಲೇ. ಆದರೆ ರೋಗಿಯ ತಳಿಗೆ ಹೊಂದುವ ಫೇಜ್ ಹುಡುಕಬೇಕು. ಅದಕ್ಕೇ ಹಲವು ಫೇಜ್ ಸೇರಿಸಿದ ಕಾಕ್‌ಟೇಲ್. 2016ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಆಂಟಿಬಯೋಟಿಕ್‌ಗೆ ಬಗ್ಗದ ಸೋಂಕು ತಗುಲಿದ್ದ ಟಾಮ್ ಪ್ಯಾಟರ್‌ಸನ್ ಎಂಬ ರೋಗಿ ಬದುಕಿದ್ದು ಹೀಗೆ. ನಡುವೆ ಅವರ ಬ್ಯಾಕ್ಟೀರಿಯಾ ಮೊದಲು ಕೊಟ್ಟ ಫೇಜ್‌ಗಳಿಗೂ ಬಗ್ಗದಾಯಿತು. ವೈದ್ಯರು ಹೊಸ ಫೇಜ್ ಹುಡುಕಿ ಸೇರಿಸಿದರು.